ಹಕ್ಕಿ ನೋಡಲು ಸಣ್ಣ ದುರ್ಬೀನು: ಕೊಳ್ಳುವ ಮೊದಲು ಪರೀಕ್ಷಿಸುವ ಬಗೆ

ಚಳಿಗಾಲ ಬಂತೆಂದರೆ ಮುಂಬಯಿಯ ಶಿವ್ಡಿಯ ಕೆಸರುದಂಡೆಗೂ ಠಾಣೆ ಖಾರಿಗೂ ರಾಜಹಂಸಗಳು ಬಂದಿಳಿಯುತ್ತವೆ. ಈ ಹಕ್ಕಿಗಳ ಸಲುವಾಗಿಯೇ ಠಾಣೆ ಖಾರಿಯ ಒಂದು ಭಾಗವನ್ನು 2015ರಲ್ಲಿ ಅಭಯಾರಣ್ಯವೆಂದು ಸಾರಲಾಯಿತು. ಹಾರ್ಬರ್ ಲೈನಿನ ಗಾಡಿ ಹಿಡಿದರೆ ಶಿವ್ಡಿಗೆ ಹೋಗಿಬರುವುದು ಯಾರಿಗೂ ಭಾರವಲ್ಲ. ಆದರೆ ಬರಿಗಣ್ಣಿಗೆ ಅಲ್ಲಿ ಕಾಣುವುದು ಹೆಚ್ಚಿನ ವೇಳೆ ಗುಲಾಬಿ ಬಣ್ಣದ ಒಂದು ಗೆರೆ ಮಾತ್ರ. ಆದುದರಿಂದ ದುರ್ಬೀನು, ಅಂದರೆ ಅಂಗಡಿಯವರು ಹೇಳುವ ಬೈನಾಕ್ಯುಲರ್, ಬೇಕೆನಿಸುತ್ತದೆ. ಸಂಬಳದಲ್ಲಿ ಉಳಿಸಿದ ಹಣದಿಂದ ಕೊಳ್ಳುವ ಈ ವಸ್ತುವನ್ನು ಅಂಗಡಿಯಲ್ಲೇ ಪರೀಕ್ಷಿಸಿಕೊಳ್ಳಬಹುದು. ಅದಕ್ಕೆ ಬೇಕಾದುದು ಅರ್ಧ ಅಡಿಯ ಒಂದು ಸ್ಕೇಲು ಮತ್ತು ನಮ್ಮದೇ ಎರಡು ಕಣ್ಣುಗಳು.

ಮೊದಲು ಅಂಕಿಗಳ ಅರ್ಥ. ದುರ್ಬೀನಿನ ಮೇಲೆ 8×25 ಎಂದಿದ್ದರೆ, 8 ಎಂಬುದು ಎಷ್ಟು ಪಟ್ಟು ಹತ್ತಿರ ತೋರಿಸುವುದೆಂಬುದನ್ನು ತಿಳಿಸುತ್ತದೆ. 80 ಮೀಟರು ದೂರದ ಹಕ್ಕಿ 10 ಮೀಟರಿನಲ್ಲಿ ಕುಳಿತಂತೆ ಕಾಣುವುದು. 25 ಎಂಬುದು ಮುಂದಿನ ಗಾಜಿನ ಅಡ್ಡಳತೆ, ಮಿಲಿಮೀಟರುಗಳಲ್ಲಿ. ಮೊದಲ ಅಂಕಿ ದೊಡ್ಡದಾದಷ್ಟೂ ಒಳ್ಳೆಯದೆಂದು ಬಹಳ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ಹತ್ತು ಪಟ್ಟಿಗೆ ಮೇಲೆ ಹೋದರೆ ಹಕ್ಕಿಯೊಡನೆ ನಮ್ಮ ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಕಾಣುವ ವಿಸ್ತಾರವೂ ಕಿರಿದಾಗಿ, ಕೊಂಬೆಯಿಂದ ಕೊಂಬೆಗೆ ಹಾರುವ ಹಕ್ಕಿ ಕೈತಪ್ಪಿ ಹೋಗುತ್ತದೆ. ಸಣ್ಣ ದುರ್ಬೀನಿಗೆ 8 ಸಾಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಸ್ಕೇಲಿನ ಕೆಲಸ. ಫುಟ್‌ಪಾತಿನ ಮೇಲೆ ಅಂಗೈಯಗಲದ ದುರ್ಬೀನಿಗೆ 30×60 ಎಂದು ಹೊಳೆಯುವ ಅಕ್ಷರಗಳಲ್ಲಿ ಅಚ್ಚು ಹಾಕಿ ಮಾರುವುದುಂಟು. ಗಾಜಿಗೆ ತಾಗದಂತೆ ಸ್ಕೇಲನ್ನು ಅಡ್ಡ ಹಿಡಿದು ಮುಂದಿನ ಗಾಜನ್ನು ಅಳೆಯಿರಿ. 60 ಎಂದು ಬರೆದಲ್ಲಿ 60 ಮಿಲಿಮೀಟರು ಇರಲೇಬೇಕು. ಅಂದರೆ ಎರಡೂ ಕಾಲು ಅಂಗುಲಕ್ಕೂ ಹೆಚ್ಚು. ಅಂಗೈಯಲ್ಲಿ ಅಡಗುವ ವಸ್ತುವಿನಲ್ಲಿ ಅಂಥ ಎರಡು ಗಾಜುಗಳು ಹೇಗೆ ಹಿಡಿದಾವು? ಆಮೇಲೆ ದುರ್ಬೀನನ್ನು ಕೈಚಾಚಿ ಆಕಾಶದ ಕಡೆಗೆ ಹಿಡಿಯಿರಿ. ಕಣ್ಣಿಡುವ ಗಾಜಿನ ನಡುವೆ ಬೆಳಕಿನ ಒಂದು ಸಣ್ಣ ಬಿಲ್ಲೆ ಕಾಣುವುದು. ಮುಂದಿನ ಗಾಜಿನ ಅಳತೆಯನ್ನು ಈ ಬಿಲ್ಲೆಯ ಅಳತೆಯಿಂದ ಭಾಗಿಸಿದರೆ ಬರುವುದೇ, ಸುಮಾರಾಗಿ, ಅದರ ನಿಜವಾದ ಶಕ್ತಿ. 25ನ್ನು 3ರಿಂದ ಭಾಗಿಸಿದರೆ ಎಂಟರ ಆಸುಪಾಸು ಬಂತಲ್ಲವೆ? ಬಿಲ್ಲೆ ದುಂಡಗಿರಬೇಕು; ಅಂಚು ಕತ್ತರಿಸಿದಂತೆ ಚೌಕವಾಗಿ ಕಂಡರೆ ಒಳಗಿನ ಪ್ರಿಸಂ ಅಗ್ಗದ್ದು.

ಈ ಬಿಲ್ಲೆಯೇ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಹಗಲಿನ ಬೆಳಕಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿನಷ್ಟೇ ತೆರೆದಿರುತ್ತದೆ. ಆಗ 3 ಮಿಲಿಮೀಟರಿನ ಬಿಲ್ಲೆ ಸಾಲುತ್ತದೆ. ಮಬ್ಬುಗತ್ತಲೆಯಲ್ಲಿ ಪಾಪೆ ಇನ್ನೂ ಅಗಲವಾಗುವುದರಿಂದ ಸಣ್ಣ ದುರ್ಬೀನಿನ ನೋಟ ಮಂಕಾಗುತ್ತದೆ. ನಸುಕಿನಲ್ಲೇ ಕಾಡಿಗೆ ಹೋಗುವವರಿಗೆ 8×42 ಮೇಲು, ಆದರೆ ಅದು ಎರಡು ಪಟ್ಟು ತೂಕ. ಭಾನುವಾರ ಬಿಸಿಲೇರಿದ ಮೇಲೆ ಹೊರಡುವ ನಮ್ಮಂಥವರಿಗೆ ಜೇಬಿನಲ್ಲಿ ಹಿಡಿಯುವುದೇ ವಾಸಿ. ಮನೆಯಲ್ಲಿ ಬಿಟ್ಟುಹೋದ ದೊಡ್ಡ ದುರ್ಬೀನಿನಿಂದ ಯಾವ ಹಕ್ಕಿಯೂ ಕಾಣದು.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಎರಡು ನಳಿಗೆಗಳ ಹೊಂದಾಣಿಕೆಯದು. ಅಂಗಡಿಯ ಕಿಟಕಿಯ ಗಾಜಿನ ಮೂಲಕ ನೋಡಬೇಡಿ, ಅದರಿಂದಲೇ ನೋಟ ಕೆಡುತ್ತದೆ. ಬಾಗಿಲಿನ ಹೊರಗೆ ನಿಲ್ಲಲು ಕೇಳಿಕೊಳ್ಳಿ. ದೂರದ ಕಟ್ಟಡದ ತಾರಸಿಯ ಅಂಚನ್ನೋ ತಂತಿಯನ್ನೋ ಸ್ಪಷ್ಟವಾಗುವಂತೆ ತಿರುಪಿಕೊಳ್ಳಿ. ಬಳಿಕ ಅದನ್ನೇ ನೋಡುತ್ತ ದುರ್ಬೀನನ್ನು ಕಣ್ಣಿನಿಂದ ಮೆಲ್ಲಗೆ ಒಂದು ಗೇಣು ದೂರಕ್ಕೆ ತನ್ನಿ. ಈಗ ಎರಡು ಬೇರೆ ಬೇರೆ ವೃತ್ತಗಳು ಕಾಣುತ್ತವೆ. ಎರಡರಲ್ಲಿಯೂ ಆ ಗೆರೆ ಒಂದೇ ಮಟ್ಟದಲ್ಲಿರಬೇಕು. ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಇದ್ದರೆ ಎಷ್ಟೇ ಅಗ್ಗವಾದರೂ ಬೇಡ. ಕಣ್ಣಿಗೆ ಹತ್ತಿರ ಹಿಡಿದಾಗ ಈ ದೋಷ ತಿಳಿಯುವುದಿಲ್ಲ, ಏಕೆಂದರೆ ಕಣ್ಣುಗಳೇ ಎಳೆದಾಡಿ ಎರಡು ಚಿತ್ರಗಳನ್ನು ಒಂದು ಮಾಡಿಕೊಳ್ಳುತ್ತವೆ. ಅದರ ಬೆಲೆಯನ್ನು ಅರ್ಧ ಗಂಟೆಯ ಮೇಲೆ ತಲೆನೋವಿನ ರೂಪದಲ್ಲಿ ತೆರಬೇಕಾಗುತ್ತದೆ. ವಾರವೆಲ್ಲ ಲೆಕ್ಕದ ಪುಸ್ತಕದ ಮೇಲೆಯೋ ಕಂಪ್ಯೂಟರಿನ ಮುಂದೆಯೋ ದಣಿಯುವ ಕಣ್ಣುಗಳಿಗೆ ಭಾನುವಾರವೂ ಈ ಶಿಕ್ಷೆ ಏಕೆ?

ಪರೀಕ್ಷೆಗೆ ಮೊದಲು ದುರ್ಬೀನನ್ನು ಕಣ್ಣಿಗೆ ಹೊಂದಿಸಿಕೊಳ್ಳುವುದನ್ನು ಮರೆಯಬಾರದು. ಬಲಗಡೆಯನ್ನು ಕೈಯಿಂದ ಮುಚ್ಚಿ, ನಡುವಿನ ಚಕ್ರದಿಂದ ಎಡಗಣ್ಣಿಗೆ ಸರಿಪಡಿಸಿ. ಆಮೇಲೆ ಎಡಗಡೆಯನ್ನು ಮುಚ್ಚಿ, ಬಲಗಣ್ಣಿನ ಬಳಿಯ ಉಂಗುರದಿಂದ ಸರಿಪಡಿಸಿ. ಸಣ್ಣ ದುರ್ಬೀನುಗಳಿಗೆ ಸಾಮಾನ್ಯವಾಗಿ ಎರಡು ಕೀಲುಗಳಿರುತ್ತವೆ. ಬಿಲ್ಲೆ ಚಿಕ್ಕದಾದುದರಿಂದ ಕಣ್ಣುಗಳ ಅಂತರಕ್ಕೆ ಸರಿಯಾಗಿ ಮಡಿಸಿಕೊಳ್ಳದಿದ್ದರೆ ನೋಟಕ್ಕೆ ಕಪ್ಪು ನೆರಳು ಅಡ್ಡಬರುತ್ತದೆ. ಒಮ್ಮೆ ಹೊಂದಿಸಿದ ಮೇಲೆ ಕೀಲುಗಳು ಬಿಗಿಯಾಗಿ ನಿಲ್ಲುತ್ತವೆಯೇ ನೋಡಿ. ಕನ್ನಡಕದವರು ರಬ್ಬರಿನ ಬಟ್ಟಲನ್ನು ಹಿಂದಕ್ಕೆ ಮಡಿಸಿ, ಕನ್ನಡಕ ಹಾಕಿಕೊಂಡೇ ನೋಡತಕ್ಕದ್ದು. ಪೂರ್ಣ ವೃತ್ತ ಕಾಣದೆ ಬೀಗದ ಕಂಡಿಯಲ್ಲಿ ಇಣುಕಿದಂತಾದರೆ ಅದು ಅವರಿಗಲ್ಲ. ಪೆಟ್ಟಿಗೆಯ ಮೇಲೆ 'ಐ ರಿಲೀಫ್' 15 ಮಿಲಿಮೀಟರು ಅಥವಾ ಹೆಚ್ಚು ಎಂದಿದ್ದರೆ ಒಳ್ಳೆಯದು.

ಎಷ್ಟು ದಿನದೊಳಗೆ ಹಿಂತಿರುಗಿಸಬಹುದೆಂಬುದನ್ನು ರಸೀದಿಯ ಮೇಲೆ ಬರೆಯಿಸಿಕೊಂಡು, ಉಳಿದ ಪರೀಕ್ಷೆಯನ್ನು ಹಕ್ಕಿಗಳಿಗೇ ಬಿಡಬಹುದು. ಬೆಳಗಿನ ಆಕಾಶಕ್ಕೆ ಎದುರಾಗಿ ಕುಳಿತ ಕಾಗೆಯ ಅಂಚಿಗೆ ನೇರಳೆ ಅಥವಾ ಹಸಿರು ಗೆರೆ ದಟ್ಟವಾಗಿ ಕಾಣಬಾರದು. ತಂತಿಯ ಮೇಲಿನ ಹಸಿರು ಕಳ್ಳಿಪೀರದ ಬಾಲದ ನಡುವಿನಿಂದ ಹೊರಚಾಚಿದ ಎರಡು ಸೂಜಿಯಂಥ ಗರಿಗಳು ಬಿಡಿಬಿಡಿಯಾಗಿ ಕಾಣಬೇಕು. ಶಿವ್ಡಿಗೆ ಹೋಗುವುದಾದರೆ ಉಬ್ಬರ ಏರುತ್ತಿರುವ ಹೊತ್ತು ನೋಡಿ ಹೋಗಿ. ನೀರು ಏರಿದಂತೆ ಹಕ್ಕಿಗಳು ದಡದತ್ತ ಸರಿಯುತ್ತವೆ. ಅಲ್ಲಿ ರಾಜಹಂಸಗಳು ಎರಡು ಜಾತಿಯವು. ಎತ್ತರದ್ದಕ್ಕೆ ಗುಲಾಬಿ ಕೊಕ್ಕು, ತುದಿ ಮಾತ್ರ ಕಪ್ಪು. ಕುಳ್ಳನೆಯದರ ಕೊಕ್ಕು ಕಪ್ಪೆನಿಸುವಷ್ಟು ಕಡುಗೆಂಪು. ಈ ಭೇದ ತಿಳಿದರೆ ದುರ್ಬೀನು ಕೆಲಸಕ್ಕೆ ಬಂತೆಂದು ಅರ್ಥ. ಮುಂದಿನ ಗಾಜು ಮಾಣಿಕ್ಯದಂತೆ ಕೆಂಪಗೆ ಹೊಳೆಯುವ ಅಗ್ಗದ ದುರ್ಬೀನುಗಳು ಇಲ್ಲಿಯೇ ಸೋಲುವುದು. ಆ ಲೇಪ ಕೆಂಪು ಬೆಳಕನ್ನು ಹೊರಕ್ಕೆ ತಳ್ಳಿಬಿಡುವುದರಿಂದ ನೋಟಕ್ಕೆ ಹಸಿರು ಛಾಯೆ ಬಂದು ರಾಜಹಂಸದ ಗುಲಾಬಿಯೇ ಪೇಲವವಾಗುತ್ತದೆ.

ಸೂರ್ಯನತ್ತ ಮಾತ್ರ ಎಂದಿಗೂ ದುರ್ಬೀನು ತಿರುಗಿಸಬಾರದು; ಒಂದು ಕ್ಷಣದಲ್ಲಿ ಕಣ್ಣು ಹೋದೀತು. ಮಕ್ಕಳ ಕೈಗೆ ಕೊಡುವಾಗ ಇದನ್ನು ಮೊದಲು ಹೇಳಿ. ಹಳೆಯ ದುರ್ಬೀನು ಕೊಳ್ಳುವವರು ಮುಂದಿನ ಗಾಜಿನಿಂದ ಟಾರ್ಚು ಬಿಟ್ಟು ಒಳಗೆ ಜೇಡನ ಬಲೆಯಂಥ ಬೂಷ್ಟಿದೆಯೇ ನೋಡಬೇಕು. ಮುಂಬಯಿಯ ಮಳೆಗಾಲದಲ್ಲಿ ಹೊಸದಕ್ಕೂ ಅದು ಹಿಡಿಯುತ್ತದೆ. ಚರ್ಮದ ಚೀಲದಲ್ಲಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಎರಡು ಪೊಟ್ಟಣ ಸಿಲಿಕಾ ಜೆಲ್ ಹಾಕಿ ಇಡಿ. ಬಿಸಿಲು ಬಂದ ದಿನ ಹೊರತೆಗೆದು ನೆರಳಿನಲ್ಲಿ ಗಾಳಿಗಿಡಿ.