ಮರಳಿ ಬಾರದ ವಿಮಾನಗಳು

ಯುದ್ಧಕಾಲದಲ್ಲಿ ವಾಯುನೆಲೆಯ ಪ್ರತಿಯೊಂದು ಕಾರ್ಯಾಚರಣೆಯೂ ಒಂದು ಎಣಿಕೆಯೊಡನೆ ಮುಗಿಯುತ್ತದೆ. ಹೊರಟ ವಿಮಾನಗಳೆಷ್ಟು, ಮರಳಿದವೆಷ್ಟು? ನೆಲದ ಮೇಲೆ ನಿಂತ ಸಿಬ್ಬಂದಿ ದಿಗಂತವನ್ನು ದಿಟ್ಟಿಸುತ್ತ, ಒಂದೊಂದಾಗಿ ಇಳಿಯುವ ವಿಮಾನಗಳನ್ನು ಲೆಕ್ಕ ಹಾಕುತ್ತಾರೆ. ತೊಟ್ಟಿಯಲ್ಲಿ ತುಂಬಿಸಿದ ಇಂಧನ ಎಷ್ಟು ಹೊತ್ತಿಗೆ ಮುಗಿಯುವುದೆಂಬುದು ಅವರಿಗೆ ಗೊತ್ತು. ಆ ಹೊತ್ತು ಮೀರಿದ ಮೇಲೆ ಕಾಯುವುದರಲ್ಲಿ ಅರ್ಥವಿಲ್ಲ. ಎಣಿಕೆಯಲ್ಲಿ ಒಂದು ಕಡಿಮೆಯಾಯಿತೆಂದರೆ ಅದು ಶತ್ರುವಿನ ಗುಂಡಿಗೆ ಬಲಿಯಾಯಿತೆಂದು ಜನರು ಸಹಜವಾಗಿ ಭಾವಿಸುತ್ತಾರೆ. ಈ ಭಾವನೆ ಎಷ್ಟೋ ಸಲ ತಪ್ಪಾಗಿರುತ್ತದೆ.

ಎರಡನೆಯ ಮಹಾಯುದ್ಧದ ಲೆಕ್ಕಗಳನ್ನು ನೋಡಿದರೆ ಇದು ಮನದಟ್ಟಾಗುತ್ತದೆ. ರಣರಂಗದಿಂದ ಸಾವಿರಾರು ಮೈಲಿ ದೂರವಿದ್ದ ಅಮೆರಿಕದ ಸ್ವಂತ ನೆಲದಲ್ಲಿಯೇ ಆ ದೇಶದ ಸೇನಾ ವಿಮಾನಗಳ ಅವಘಡಗಳಲ್ಲಿ ಸುಮಾರು 15,000 ಮಂದಿ ಸತ್ತರು. ಬ್ರಿಟನ್ನಿನ ಬಾಂಬರ್ ದಳ ಕಳೆದುಕೊಂಡ 55,573 ಮಂದಿಯಲ್ಲಿ ಸುಮಾರು 8,000 ಜನರು ತರಬೇತಿಯಲ್ಲಿಯೂ ಇತರ ಅವಘಡಗಳಲ್ಲಿಯೂ ಮಡಿದವರು. ಇವರಲ್ಲಿ ಹೆಚ್ಚಿನವರು ಶತ್ರುವಿನ ಮುಖವನ್ನೇ ಕಂಡಿರಲಿಲ್ಲ. ಇದಕ್ಕೆ ಮುಖ್ಯ ಕಾರಣ ಅವಸರ. ಕಲಬುರಗಿಯಿಂದ ಕಮಲಾಪುರ, ಹುಮನಾಬಾದುಗಳನ್ನು ದಾಟಿದರೆ ಬೀದರ್ ಸಿಗುತ್ತದೆ. ಅಲ್ಲಿಯ ವಾಯುನೆಲೆಯಲ್ಲಿ 1963ರಿಂದ ತರುಣ ಪೈಲಟ್‌ಗಳಿಗೆ ತರಬೇತಿ ನಡೆಯುತ್ತ ಬಂದಿದೆ. ಏರುವುದು, ತಿರುಗುವುದು, ಇಳಿಯುವುದು ಎಂಬ ಅದೇ ಪಾಠವನ್ನು ಕೈಗೆ ರೂಢಿಯಾಗುವವರೆಗೆ ಮತ್ತೆ ಮತ್ತೆ ಮಾಡಿಸುತ್ತಾರೆ. ಯುದ್ಧಕಾಲದಲ್ಲಿ ಇಷ್ಟು ನಿಧಾನಕ್ಕೆ ಎಡೆಯೆಲ್ಲಿ? ವರ್ಷಗಳಲ್ಲಿ ಕಲಿಯಬೇಕಾದುದನ್ನು ತಿಂಗಳುಗಳಲ್ಲಿ ಕಲಿತು, ಇರುಳು, ಮಳೆ, ಮಂಜು ಒಂದನ್ನೂ ಲೆಕ್ಕಿಸದೆ ಹಾರಬೇಕು.

ನಮ್ಮ ದೇಶದ ಈಶಾನ್ಯ ಮೂಲೆಯಲ್ಲಿ ಇದಕ್ಕೆ ಭಯಂಕರವಾದ ಉದಾಹರಣೆಯೊಂದುಂಟು. 1942ರಲ್ಲಿ ಜಪಾನೀಯರು ಬರ್ಮಾ ದೇಶವನ್ನು ಹಿಡಿದುಕೊಂಡಾಗ ಚೀನಾಕ್ಕೆ ಹೋಗುವ ನೆಲದ ದಾರಿ ಮುಚ್ಚಿಹೋಯಿತು. ಆಗ ಅಸ್ಸಾಮಿನಿಂದ ಹಿಮಾಲಯದ ಪೂರ್ವದ ಶ್ರೇಣಿಗಳನ್ನು ದಾಟಿ ಕುನ್ಮಿಂಗ್ ನಗರಕ್ಕೆ ವಿಮಾನಗಳಲ್ಲಿಯೇ ಸರಕು ಸಾಗಿಸಬೇಕಾಯಿತು. ಗೂನುಬೆನ್ನಿನಂತಿದ್ದ ಆ ಬೆಟ್ಟಸಾಲನ್ನು ಪೈಲಟ್‌ಗಳು 'ಹಂಪ್' ಎಂದು ಕರೆದರು. 1945ರಲ್ಲಿ ಈ ಸಾಗಾಟ ನಿಲ್ಲುವಷ್ಟರಲ್ಲಿ 600ಕ್ಕೆ ಸಮೀಪದಷ್ಟು ವಿಮಾನಗಳು ನಾಶವಾಗಿದ್ದವು. ಶತ್ರುವಿಮಾನಗಳು ಕೆಡವಿದವು ಇವುಗಳಲ್ಲಿ ಕಡಿಮೆ. ಉಳಿದವನ್ನು ಬಲಿ ತೆಗೆದುಕೊಂಡದ್ದು ಬಿರುಗಾಳಿ, ಸರಿಯಾದ ನಕಾಶೆಯಿಲ್ಲದ ಶಿಖರಗಳು, ಮಿತಿಮೀರಿದ ಹೊರೆ, ಪೈಲಟ್‌ಗಳ ಬಳಲಿಕೆ ಮತ್ತು ಹಿಮ. ರೆಕ್ಕೆಯ ಮೇಲೆ ಹೆಪ್ಪುಗಟ್ಟುವ ಹಿಮ ತೂಕವನ್ನು ಹೆಚ್ಚಿಸುವುದಷ್ಟೇ ಅಲ್ಲ, ರೆಕ್ಕೆಯ ಆಕಾರವನ್ನೂ ಕೆಡಿಸುತ್ತದೆ. ಆಕಾರ ಕೆಟ್ಟ ರೆಕ್ಕೆಗೆ ವಿಮಾನವನ್ನು ಎತ್ತಿಹಿಡಿಯುವ ಬಲವಿರದು.

ಆ ದಿನಗಳಲ್ಲಿ ಜಖಂಗೊಂಡ ಮತ್ತು ಹಾರಿ ಹಾರಿ ಸವೆದ ವಿಮಾನಗಳ ರಿಪೇರಿಯ ದೊಡ್ಡ ಕೇಂದ್ರವಾಗಿದ್ದುದು ನಮ್ಮ ಬೆಂಗಳೂರು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಸ್ಥಾಪಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ವಾಯುಪಡೆ ಈ ಕೆಲಸಕ್ಕಾಗಿ ವಹಿಸಿಕೊಂಡಿತು. ಎಂಜಿನ್ನು ಬಿಚ್ಚಿ ತೊಳೆದು ಮರಳಿ ಜೋಡಿಸಿದ ಅಲ್ಲಿಯ ಕೆಲಸಗಾರರ ಹೆಸರುಗಳು ಯುದ್ಧದ ಚರಿತ್ರೆಯಲ್ಲಿ ಕಾಣಸಿಗುವುದಿಲ್ಲ. ಆದರೆ ಸಡಿಲವಾಗಿ ಉಳಿದ ಒಂದು ಬೋಲ್ಟು ಹತ್ತು ಜನರ ಪ್ರಾಣ ತೆಗೆಯಬಲ್ಲದು.

ಅವಘಡದ ತಪ್ಪನ್ನು ಪೈಲಟ್‌ನ ತಲೆಗೆ ಕಟ್ಟುವುದು ಬಹಳ ಸುಲಭ. ಅಮೆರಿಕದ ಬಿ-17 ಎಂಬ ಭಾರೀ ಬಾಂಬರ್‌ಗಳಲ್ಲಿ ವಿಚಿತ್ರವೊಂದು ಮತ್ತೆ ಮತ್ತೆ ನಡೆಯುತ್ತಿತ್ತು. ವಿಮಾನ ಸುಖವಾಗಿ ನೆಲ ಮುಟ್ಟಿ ಓಡುತ್ತಿರುವಾಗಲೇ ಪೈಲಟ್ ಗಾಲಿಗಳನ್ನು ಒಳಕ್ಕೆ ಎಳೆದುಬಿಡುತ್ತಿದ್ದ. ವಿಮಾನ ಹೊಟ್ಟೆಯ ಮೇಲೆ ಕುಸಿಯುತ್ತಿತ್ತು. ಅಜಾಗರೂಕತೆಯೆಂದು ಬರೆದು ಕಡತವನ್ನು ಮುಚ್ಚಬಹುದಾಗಿತ್ತು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಹಾಗೆ ಮಾಡದೆ ಪೈಲಟ್ ಕುಳಿತುಕೊಳ್ಳುವ ಸ್ಥಳವನ್ನೇ ಪರೀಕ್ಷಿಸಿದ. ಗಾಲಿಗಳ ಸ್ವಿಚ್ಚೂ ರೆಕ್ಕೆಯ ಹಿಂಬದಿಯಲ್ಲಿ ಇಳಿಬೀಳುವ ಹಲಗೆಗಳ ಸ್ವಿಚ್ಚೂ ಅಕ್ಕಪಕ್ಕದಲ್ಲಿದ್ದವು. ನೋಡಲು, ಮುಟ್ಟಲು ಒಂದೇ ತೆರನಾಗಿದ್ದವು. ದಣಿದ ಕೈ ಹಲಗೆಗಳ ಸ್ವಿಚ್ಚೆಂದು ಗಾಲಿಗಳದನ್ನು ಒತ್ತುತ್ತಿತ್ತು. ಗಾಲಿಯ ಹಿಡಿಗೆ ಗಾಲಿಯಂತಹ ಗುಂಡನೆಯ ತುಂಡನ್ನೂ ಇನ್ನೊಂದಕ್ಕೆ ಬೆಣೆಯಾಕಾರದ ತುಂಡನ್ನೂ ಜೋಡಿಸಿದರೆ ಸಾಕು, ಕಣ್ಣು ಹಾಯಿಸದೆಯೇ ಬೆರಳಿಗೆ ವ್ಯತ್ಯಾಸ ತಿಳಿಯುತ್ತದೆ ಎಂದು ಅವನು ತೋರಿಸಿಕೊಟ್ಟ. ಪೈಲಟ್‌ನನ್ನು ಶಿಕ್ಷಿಸಿದ್ದರೆ ಆ ಸ್ವಿಚ್ಚುಗಳು ಹಾಗೆಯೇ ಉಳಿದು ಇನ್ನೊಬ್ಬನಿಗಾಗಿ ಕಾಯುತ್ತಿದ್ದವು.

ಸ್ವಪಕ್ಷದ ಗುಂಡೇ ವಿಮಾನವನ್ನು ಕೆಡವುವುದೂ ಉಂಟು. 2019ರ ಫೆಬ್ರವರಿ 27ರಂದು ಕಾಶ್ಮೀರದ ಬಡ್ಗಾಮಿನಲ್ಲಿ ಬಿದ್ದ ಹೆಲಿಕಾಪ್ಟರಿಗೆ ತಗುಲಿದ್ದು ನಮ್ಮದೇ ಕ್ಷಿಪಣಿ. ವಾಯುಪಡೆಯ ಆರು ಮಂದಿಯೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಪ್ರಾಣ ಬಿಟ್ಟರು. ವಾಯುಪಡೆ ವಿಚಾರಣೆ ನಡೆಸಿ, ತಪ್ಪು ತನ್ನದೆಂದು ಅದೇ ವರ್ಷ ಬಹಿರಂಗವಾಗಿ ಒಪ್ಪಿಕೊಂಡಿತು.

ಇಲ್ಲಿಯವರೆಗೆ ಹೇಳಿದವೆಲ್ಲ ಅವಶೇಷಗಳೋ ಬದುಕಿ ಉಳಿದವರೋ ಸಾಕ್ಷಿ ಹೇಳಿದ ಪ್ರಸಂಗಗಳು. ಶತ್ರುವಿನ ನೆಲದಲ್ಲಿ ಬಿದ್ದ ವಿಮಾನದ ಗತಿ ಬೇರೆ. ಅದರ ಅವಶೇಷವೂ ಸಿಗದು, ಪೈಲಟ್‌ನೂ ಸಿಗನು. ಈ ತೊಡಕನ್ನು 1943ರಲ್ಲಿ ಕೈಗೆತ್ತಿಕೊಂಡವನು ಅಬ್ರಹಾಂ ವಾಲ್ಡ್ ಎಂಬ ಗಣಿತಜ್ಞ. ಗುಂಡೇಟು ತಿಂದು ಮರಳಿದ ವಿಮಾನಗಳ ಮೈಮೇಲಿನ ತೂತುಗಳನ್ನು ಎಣಿಸಿ, ಹೆಚ್ಚು ತೂತುಗಳಿರುವ ಕಡೆಗೆ ಲೋಹದ ಕವಚ ಹೊದಿಸಬೇಕೆಂದು ಸಾಮಾನ್ಯ ಬುದ್ಧಿ ಹೇಳುತ್ತದೆ. ವಾಲ್ಡ್‌ನ ವಿಚಾರ ಅದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಸಾಗಿತು. ಈ ವಿಮಾನಗಳು ತೂತುಗಳೊಡನೆ ಮರಳಿ ಬಂದಿವೆಯಷ್ಟೆ? ಎಂದರೆ ಆ ಭಾಗಗಳಿಗೆ ಪೆಟ್ಟು ಬಿದ್ದರೂ ವಿಮಾನ ತಾಳಿಕೊಳ್ಳುತ್ತದೆ. ಮರಳಿದವುಗಳಲ್ಲಿ ಯಾವ ಭಾಗಕ್ಕೆ ಏಟು ಅಪರೂಪವೋ ಅಲ್ಲಿಯೇ ಪ್ರಾಣಸ್ಥಾನವಿದೆ. ಅಲ್ಲಿ ಏಟು ತಿಂದವು ಮರಳಲೇ ಇಲ್ಲ. ಬಂದವುಗಳ ಗಾಯದಿಂದ ಬಾರದವುಗಳ ಸಾವನ್ನು ಲೆಕ್ಕ ಹಾಕುವ ದಾರಿಯನ್ನು ಅವನು ಹೀಗೆ ರೂಪಿಸಿದ. ವಿಧಿಯ ಕ್ರೌರ್ಯವೆನ್ನಬೇಕು, ವಾಲ್ಡ್ ಸತ್ತದ್ದೂ ವಿಮಾನಾಪಘಾತದಲ್ಲಿಯೇ. ಉಪನ್ಯಾಸಗಳಿಗಾಗಿ ಭಾರತಕ್ಕೆ ಬಂದಿದ್ದ ಅವನೂ ಅವನ ಪತ್ನಿಯೂ ಕುಳಿತಿದ್ದ ಪ್ರಯಾಣಿಕ ವಿಮಾನ 1950ರ ಡಿಸೆಂಬರ್ 13ರಂದು ನಮ್ಮ ನೆರೆಯ ನೀಲಗಿರಿಯ ಬೆಟ್ಟಗಳಿಗೆ ಬಡಿಯಿತು.

ಲೆಕ್ಕದಿಂದ ನೂರು ವಿಮಾನಗಳ ಸಂಗತಿ ತಿಳಿಯಬಹುದು. ಒಂದು ವಿಮಾನದಲ್ಲಿದ್ದ ಒಬ್ಬ ಮನುಷ್ಯನಿಗೆ ಏನಾಯಿತೆಂಬುದು ಲೆಕ್ಕಕ್ಕೆ ಸಿಗುವುದಿಲ್ಲ. 1965ರಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ನಡೆದ ಯುದ್ಧದಲ್ಲಿ ಕೊಡಗಿನ ಇಬ್ಬರು ಪೈಲಟ್‌ಗಳ ವಿಮಾನಗಳು ಉರುಳಿದವು. ಒಬ್ಬರು ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರ್ಯಪ್ಪ, ಜನರಲ್ ಕೆ. ಎಂ. ಕಾರ್ಯಪ್ಪನವರ ಮಗ. ಯುದ್ಧದ ಕೊನೆಯ ದಿನವಾದ ಸೆಪ್ಟೆಂಬರ್ 22ರಂದು ಅವರ ಹಂಟರ್ ವಿಮಾನಕ್ಕೆ ನೆಲದಿಂದ ಹಾರಿಸಿದ ಗುಂಡು ತಗುಲಿತು. ಅವರು ಹೊರಕ್ಕೆ ಚಿಮ್ಮಿ ಪ್ಯಾರಾಚೂಟಿನಿಂದ ಇಳಿದರು, ಸೆರೆಯಾದರು. ಹಿಂದೆ ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಮಗನಿಗೆ ವಿಶೇಷ ಸೌಕರ್ಯ ನೀಡಲು ಮುಂದಾದಾಗ, ಸೆರೆಯಲ್ಲಿರುವ ಎಲ್ಲ ಯೋಧರಿಗೂ ಇಲ್ಲದ ಸೌಕರ್ಯ ತನ್ನ ಮಗನಿಗೆ ಬೇಡವೆಂದು ತಂದೆ ತಿಳಿಸಿದರು. ಯುದ್ಧ ಮುಗಿದು ಕೆಲವು ತಿಂಗಳಾದ ಮೇಲೆ ಮಗ ಮರಳಿ ಬಂದು ತನ್ನ ಕಥೆಯನ್ನು ತಾನೇ ಹೇಳಿದರು.

ಇನ್ನೊಬ್ಬರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಕೊಡವರ ಪದ್ಧತಿಯಂತೆ ಅಜ್ಜಮಾಡ ಎಂಬುದು ಅವರ ಮನೆತನದ ಹೆಸರು. 1932ರಲ್ಲಿ ಹುಟ್ಟಿದ ದೇವಯ್ಯ ತರುಣರಿಗೆ ಹಾರಾಟ ಕಲಿಸುವ ಶಿಕ್ಷಕರಾಗಿದ್ದವರು. ಯುದ್ಧ ಆರಂಭವಾದಾಗ ಪಂಜಾಬಿನ ಆದಂಪುರದಲ್ಲಿದ್ದ 1ನೆಯ ಸ್ಕ್ವಾಡ್ರನ್‌ಗೆ ಬಂದರು. ಆ ದಳದಲ್ಲಿದ್ದುದು ಫ್ರಾನ್ಸಿನಲ್ಲಿ ತಯಾರಾದ ಮಿಸ್ಟೇರ್ ವಿಮಾನಗಳು. ಫ್ರೆಂಚ್ ಭಾಷೆಯಲ್ಲಿ ಮಿಸ್ಟೇರ್ ಎಂದರೆ ರಹಸ್ಯ.

1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಾಕಿಸ್ತಾನದ ಪ್ರಮುಖ ವಾಯುನೆಲೆಯಾದ ಸರ್ಗೋಧಾದ ಮೇಲೆ ದಾಳಿ ಮಾಡಲು ಹನ್ನೆರಡು ಮಿಸ್ಟೇರ್‌ಗಳು ಗೊತ್ತಾಗಿದ್ದವು. ದೇವಯ್ಯ ಆ ಹನ್ನೆರಡರಲ್ಲಿ ಒಬ್ಬರಲ್ಲ. ಯಾವುದಾದರೂ ವಿಮಾನ ಹಿಂದುಳಿದರೆ ಆ ಜಾಗ ತುಂಬಲು ಮೀಸಲಾಗಿದ್ದವರು. ಒಂದು ವಿಮಾನ ಹಿಂದುಳಿಯಿತು, ದೇವಯ್ಯ ಹೊರಟರು. ಸರ್ಗೋಧಾ ಮಿಸ್ಟೇರ್‌ನ ಇಂಧನ ಎಟುಕುವ ದೂರದ ಅಂಚಿನಲ್ಲಿತ್ತು. ಹೋಗಿ, ದಾಳಿ ಮಾಡಿ, ನೇರವಾಗಿ ಮರಳುವಷ್ಟೇ ಇಂಧನ. ನಡುವೆ ಕಾದಾಟಕ್ಕೆ ನಿಂತರೆ ಮರಳುವ ದಾರಿ ಅರ್ಧದಲ್ಲಿಯೇ ಮುಗಿಯುತ್ತದೆ.

ಅಂದು ಹಿಂದಕ್ಕೆ ಬಂದವರಲ್ಲಿ ದೇವಯ್ಯ ಇರಲಿಲ್ಲ. ಅವರಿಗೆ ಏನಾಯಿತೆಂದು ಹೇಳಬಲ್ಲವರು ದಳದಲ್ಲಿ ಯಾರೂ ಇರಲಿಲ್ಲ. ವಾಯುಪಡೆಯ ದಾಖಲೆಯಲ್ಲಿ ಮೊದಲು 'ಕಾಣೆಯಾದವರು' ಎಂದೂ ಆಮೇಲೆ 'ಮೃತರು' ಎಂದೂ ಬರೆಯಲಾಯಿತು. ಊರಿನಲ್ಲಿ ಕಾದಿದ್ದ ಕುಟುಂಬಕ್ಕೆ ಈ ಎರಡು ಪದಗಳ ಹೊರತು ಬೇರೇನೂ ತಿಳಿಯಲಿಲ್ಲ.

ಹದಿನಾಲ್ಕು ವರ್ಷಗಳು ಕಳೆದವು. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕ ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಆ ಯುದ್ಧದ ಬಗೆಗೆ ಗ್ರಂಥವೊಂದನ್ನು ಪ್ರಕಟಿಸಿದ. ಸರ್ಗೋಧಾದ ದಾಳಿಯ ದಿನ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದನ್ನು ಮಿಸ್ಟೇರ್ ಒಂದು ಹೊಡೆದುರುಳಿಸಿತೆಂಬ ಸಂಗತಿ ಅದರಿಂದ ಬೆಳಕಿಗೆ ಬಂತು. ಆ ಸ್ಟಾರ್‌ಫೈಟರ್‌ನ ಪೈಲಟ್ ಅಮ್ಜದ್ ಹುಸೇನ್ ಹೊರಕ್ಕೆ ಚಿಮ್ಮಿ ಬದುಕಿದ್ದ. ಭಾರತೀಯರಲ್ಲಿ ಯಾರೂ ಅಂತಹ ಗೆಲುವನ್ನು ತಮ್ಮದೆಂದು ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳಲು ಮರಳಿ ಬಾರದವರು ದೇವಯ್ಯ ಒಬ್ಬರೇ.

ಸ್ಟಾರ್‌ಫೈಟರ್ ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಮಿಸ್ಟೇರ್‌ಗೆ ಮಟ್ಟಸ ಹಾರಾಟದಲ್ಲಿ ಶಬ್ದದ ವೇಗವನ್ನು ದಾಟುವ ಶಕ್ತಿಯೂ ಇರಲಿಲ್ಲ. ಓಡಿ ತಪ್ಪಿಸಿಕೊಳ್ಳುವುದು ಸಾಧ್ಯವೇ ಇಲ್ಲ. ಆದರೆ ವೇಗಕ್ಕಾಗಿ ರೆಕ್ಕೆಗಳನ್ನು ಮೊಟಕು ಮಾಡಿದ ಸ್ಟಾರ್‌ಫೈಟರ್ ಇಕ್ಕಟ್ಟಾದ ತಿರುವುಗಳನ್ನು ತೆಗೆದುಕೊಳ್ಳಲಾರದು. ನೆಲದ ಸಮೀಪ ಸುತ್ತು ಹಾಕುತ್ತ ಕಾದಾಡುವಾಗ ಅದರ ವೇಗ ಉಪಯೋಗಕ್ಕೆ ಬಾರದು. ತಮ್ಮ ವಿಮಾನಕ್ಕೆ ಆಗಲೇ ಗುಂಡೇಟು ಬಿದ್ದಿದ್ದರೂ ದೇವಯ್ಯ ಇಂತಹ ಕಾದಾಟಕ್ಕೆ ತಿರುಗಿ ನಿಂತರು. 30 ಮಿಲಿಮೀಟರ್‌ನ ಫಿರಂಗಿಗಳಿಂದ ಶತ್ರುವನ್ನು ಹೊಡೆದರು. ಆದುದರಿಂದ ಅವರ ವಿಮಾನದ ಪತನಕ್ಕೆ ಒಂದೇ ಕಾರಣ ಹೇಳುವುದು ಸರಿಯಲ್ಲ. ಶತ್ರುವಿನ ಗುಂಡು ವಿಮಾನವನ್ನು ಜಖಂಗೊಳಿಸಿತ್ತು. ಕಾದಾಟಕ್ಕೆ ನಿಂತಾಗ ಮನೆಗೆ ಮರಳುವ ಇಂಧನ ಖರ್ಚಾಯಿತು. ಆದಂಪುರ ಬಹಳ ದೂರವಿತ್ತು. ವಿಮಾನ ಬಿದ್ದ ಊರಿನ ಜನರು ಅವರ ದೇಹವನ್ನು ತಮ್ಮ ಹೊಲದಲ್ಲಿ ಮಣ್ಣು ಮಾಡಿದರೆಂಬ ಸುದ್ದಿ ಬಹುಕಾಲದ ನಂತರ ಭಾರತವನ್ನು ತಲುಪಿತು.

ಅಂದು ದಾಳಿಯನ್ನು ಮುನ್ನಡೆಸಿದ್ದ ದಳಪತಿ ಓ. ಪಿ. ತನೇಜಾ ಫ್ರಿಕರ್‌ನ ಗ್ರಂಥ ಬಂದ ಮೇಲೆ ಈ ವಿಷಯವನ್ನು ವಾಯುಪಡೆಯ ಗಮನಕ್ಕೆ ತಂದರು. 1988ರಲ್ಲಿ ಭಾರತ ಸರ್ಕಾರ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಿತು. ಯುದ್ಧ ಮುಗಿದು 23 ವರ್ಷಗಳಾಗಿದ್ದವು. ಪದಕವನ್ನು ಅವರ ಪತ್ನಿ ಸ್ವೀಕರಿಸಿದರು. ಮಡಿಕೇರಿಯಲ್ಲಿ ಇಂದು ಒಂದು ವೃತ್ತಕ್ಕೆ ಅವರ ಹೆಸರಿದೆ.