ದುಡಿಯುವವನ ಹಸಿವು

ಶರಣಧರ್ಮದಲ್ಲಿ ಕಾಯಕಕ್ಕಿರುವ ಸ್ಥಾನವನ್ನು ಅರಿಯದ ಭಕ್ತರಿಲ್ಲ. ಸತ್ಯಶುದ್ಧವಾಗಿ ದುಡಿದು, ಬಂದುದನ್ನು ಗುರು ಲಿಂಗ ಜಂಗಮಕ್ಕೆ ಅರ್ಪಿಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದೇ ಭಕ್ತನ ನಡೆ. ದುಡಿಯದೆ ಉಣ್ಣುವುದು ಈ ಮಾರ್ಗದಲ್ಲಿ ಸಲ್ಲದು. ಆದರೆ ಈ ತತ್ತ್ವಕ್ಕೆ ಇನ್ನೊಂದು ಮುಖವೂ ಉಂಟು. ಬೆಳಗಿನಿಂದ ಬೈಗಿನವರೆಗೆ ಬೆವರು ಸುರಿಸಿಯೂ ಒಬ್ಬನು ಮಡದಿಮಕ್ಕಳೊಡನೆ ಅರೆಹೊಟ್ಟೆಯಲ್ಲಿ ಮಲಗಬೇಕಾದರೆ ದೋಷವು ಯಾರದು? ಅವನ ಕಾಯಕದ್ದೋ, ಆ ಕಾಯಕದ ಫಲವನ್ನು ಹಂಚಿದ ರೀತಿಯದ್ದೋ? ಯಂತ್ರಯುಗದ ಇಂಗ್ಲೆಂಡು ಈ ಪ್ರಶ್ನೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಎದುರಿಸಬೇಕಾಯಿತು. ಅಲ್ಲಿ ಮೊದಲು ದೊರೆತ ತಪ್ಪು ಉತ್ತರವೂ ತರುವಾಯ ದೊರೆತ ಸರಿಯಾದ ಉತ್ತರವೂ ಗೃಹಸ್ಥಭಕ್ತರ ಮನನಕ್ಕೆ ಯೋಗ್ಯವಾಗಿವೆ.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ನೂಲುವ ಯಂತ್ರಗಳೂ ಉಗಿಯಂತ್ರವೂ ಬಂದ ಮೇಲೆ ಮ್ಯಾಂಚೆಸ್ಟರ್ ಮೊದಲಾದ ಪಟ್ಟಣಗಳಲ್ಲಿ ಗಿರಣಿಗಳು ಎದ್ದವು. ದೇಶದ ಸಂಪತ್ತು ಹೆಚ್ಚಿತು. ಆದರೆ ಮನೆಯಲ್ಲಿಯೇ ಮಗ್ಗ ಹೂಡಿ ಮಾನವಾಗಿ ಬಾಳುತ್ತಿದ್ದ ನೇಕಾರನು ಯಂತ್ರದೊಡನೆ ಸ್ಪರ್ಧಿಸಲಾರದೆ ನಿರ್ಗತಿಕನಾದನು. ಎಳೆಯ ಮಕ್ಕಳು ಗಿರಣಿಯ ಕೆಲಸಕ್ಕೆ ಹೋದರು. ೯ ವರ್ಷಕ್ಕಿಂತ ಚಿಕ್ಕವರನ್ನು ಬಟ್ಟೆಯ ಗಿರಣಿಗಳಲ್ಲಿ ದುಡಿಸಕೂಡದೆಂದೂ, ೯ರಿಂದ ೧೩ ವರ್ಷದವರನ್ನು ದಿನಕ್ಕೆ ೯ ಗಂಟೆಗಿಂತ ಹೆಚ್ಚು ದುಡಿಸಕೂಡದೆಂದೂ ೧೮೩೩ರಲ್ಲಿ ಒಂದು ಕಾಯಿದೆಯೇ ಬೇಕಾಯಿತು. ರೇಷ್ಮೆಯ ಗಿರಣಿಗಳಿಗೆ ಅದರಲ್ಲಿಯೂ ವಿನಾಯಿತಿಯಿದ್ದಿತು. ನಿಷೇಧವೇ ಇಷ್ಟು ಸಡಿಲವಾಗಿದ್ದರೆ ಅದಕ್ಕೆ ಮುಂಚಿನ ಸ್ಥಿತಿಯು ಎಂತಹುದಾಗಿದ್ದಿರಬೇಕೆಂಬುದನ್ನು ಊಹಿಸಬಹುದು.

ಮರುವರ್ಷ, ೧೮೩೪ರಲ್ಲಿ, ಬಡವರ ಪಾಲನೆಗಾಗಿ ಹೊಸದೊಂದು ಕಾಯಿದೆಯು ಬಂದಿತು. ದೇಹಶಕ್ತಿಯುಳ್ಳವನು ಬಡವನಾಗಿದ್ದರೆ ಅದಕ್ಕೆ ಅವನ ಆಲಸ್ಯ ದುಂದುಗಳೇ ಕಾರಣವೆಂಬ ನಂಬಿಕೆಯು ಅದರ ತಳಹದಿಯಾಗಿದ್ದಿತು. ಆದ್ದರಿಂದ ನೆರವು ಬೇಡಿ ಬಂದವನು ‘ವರ್ಕ್‌ಹೌಸ್’ ಎಂಬ ದುಡಿಮೆಮನೆಯನ್ನು ಸೇರಬೇಕು. ಅಲ್ಲಿಯ ಬಾಳು ಹೊರಗಿನ ಅತಿ ಬಡ ಕೂಲಿಕಾರನ ಬಾಳಿಗಿಂತಲೂ ಕಷ್ಟದ್ದಾಗಿರಬೇಕು ಎಂದು ವಿಧಿಸಲಾಯಿತು. ಗಂಡನನ್ನು ಹೆಂಡತಿಯಿಂದಲೂ ಮಕ್ಕಳನ್ನು ತಾಯಿತಂದೆಗಳಿಂದಲೂ ಅಲ್ಲಿ ಬೇರ್ಪಡಿಸುತ್ತಿದ್ದರು. ಗೊಬ್ಬರಕ್ಕಾಗಿ ಮೂಳೆಗಳನ್ನು ಕುಟ್ಟುವ ಕೆಲಸಕ್ಕೆ ಹಚ್ಚಲ್ಪಟ್ಟ ಆಂಡೋವರ್ ಎಂಬ ಊರಿನ ದುಡಿಮೆಮನೆಯ ಬಡವರು, ಹಸಿವು ತಾಳಲಾರದೆ ಆ ಮೂಳೆಗಳಲ್ಲಿ ಉಳಿದಿದ್ದ ಮಜ್ಜೆಯನ್ನೇ ತಿನ್ನುತ್ತಿದ್ದರೆಂಬ ಸಂಗತಿಯು ೧೮೪೫ರಲ್ಲಿ ಹೊರಬಿದ್ದು ಇಡೀ ದೇಶವೇ ತಲೆತಗ್ಗಿಸಿತು. ಅನ್ನವನ್ನು ಕೊಟ್ಟು ಮಾನವನ್ನು ಕಸಿದುಕೊಳ್ಳುವ ಈ ಉಪಕಾರಕ್ಕೂ, ಕೊಡುವವನೇ ದಾಸನಾಗಿ ನಿಲ್ಲುವ ಶರಣರ ದಾಸೋಹಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಡತನವು ಬಡವನ ತಪ್ಪೆಂಬ ಈ ನಂಬಿಕೆಯನ್ನು ಲೆಕ್ಕವಿಟ್ಟು ಪರೀಕ್ಷಿಸಿದವರಲ್ಲಿ ಸೀಬೋಮ್ ರೌಂಟ್ರಿ ಎಂಬಾತನು ಪ್ರಮುಖನು. ಯಾರ್ಕ್ ನಗರದ ಚಾಕೊಲೆಟ್ ಕಾರ್ಖಾನೆಯ ಒಡೆತನದ ಮನೆತನದಲ್ಲಿ ಹುಟ್ಟಿದ ಈತನು ಕ್ವೇಕರ್ ಪಂಥದ ದೈವಭಕ್ತನು. ೧೮೯೯ರಲ್ಲಿ ಆ ನಗರದ ಕೂಲಿಕಾರರ ೧೧,೫೬೦ ಕುಟುಂಬಗಳ ಸ್ಥಿತಿಯನ್ನು ಮನೆಮನೆಗೂ ವಿಚಾರಿಸಿ ಬರೆಯಿಸಿ, ಫಲಿತವನ್ನು ೧೯೦೧ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ತಂದೆ, ತಾಯಿ, ಮೂವರು ಮಕ್ಕಳುಳ್ಳ ಕುಟುಂಬವು ದೇಹಶಕ್ತಿಯನ್ನು ಉಳಿಸಿಕೊಳ್ಳಬೇಕಾದರೆ ವಾರಕ್ಕೆ ಕನಿಷ್ಠ ೨೧ ಷಿಲಿಂಗ್ ೮ ಪೆನ್ಸ್ ಬೇಕೆಂದು ಆತನು ಗಣಿಸಿದನು. ಈ ಗಣನೆಯಲ್ಲಿ ಹಬ್ಬಕ್ಕಾಗಲಿ, ಪತ್ರಿಕೆಗಾಗಲಿ, ದೇವರ ಕಾಣಿಕೆಗಾಗಲಿ ಒಂದು ಕಾಸೂ ಇರಲಿಲ್ಲ. ಆದರೂ ಆ ನಗರದಲ್ಲಿ ಕುಶಲವಿದ್ಯೆಯಿಲ್ಲದ ಕೂಲಿಕಾರನಿಗೆ ದೊರೆಯುತ್ತಿದ್ದ ವಾರದ ಕೂಲಿಯು ಸರಾಸರಿ ೧೮ರಿಂದ ೨೧ ಷಿಲಿಂಗ್ ಮಾತ್ರ!

ನಗರದ ಜನರಲ್ಲಿ ೨೦,೩೦೨ ಮಂದಿ, ಎಂದರೆ ನೂರಕ್ಕೆ ೨೭.೮೪ರಷ್ಟು ಜನ, ಬಡತನದಲ್ಲಿದ್ದರು. ಅವರಲ್ಲಿ ೭,೨೩೦ ಜನರ ಕುಟುಂಬಗಳಿಗೆ ಬಂದ ಹಣವನ್ನೆಲ್ಲ ಎಷ್ಟು ಜಾಣತನದಿಂದ ವೆಚ್ಚ ಮಾಡಿದರೂ ದೇಹಧಾರಣೆಗೇ ಸಾಲುತ್ತಿರಲಿಲ್ಲ. ಇಂತಹ ಕಡುಬಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮನೆಗಳಲ್ಲಿ ಯಜಮಾನನು ಸೋಮಾರಿಯಾಗಿರಲಿಲ್ಲ, ನಿರುದ್ಯೋಗಿಯೂ ಆಗಿರಲಿಲ್ಲ. ದಿನವೂ ದುಡಿಯುತ್ತಲೇ ಇದ್ದನು. ಅವನ ಕೂಲಿಯು ಕಡಿಮೆಯಾಗಿದ್ದಿತು, ಅಷ್ಟೆ. ಉಳಿದವರ ಬಡತನಕ್ಕೆ ದೊಡ್ಡ ಸಂಸಾರ, ದುಡಿಯುವವನ ಮರಣ, ರೋಗ, ಮುಪ್ಪು, ಕೆಲಸದ ಅಭಾವ ಇವು ಕಾರಣವಾಗಿದ್ದವು. ಕಾಯಕಕ್ಕೆ ಕೊರತೆಯಿರಲಿಲ್ಲ, ಕಾಯಕದ ಫಲವು ಕಾಯಕ ಮಾಡಿದವನ ಮನೆಯನ್ನು ಮುಟ್ಟುತ್ತಿರಲಿಲ್ಲ.

ರೋಗವನ್ನು ಸರಿಯಾಗಿ ಅರಿತ ಮೇಲೆ ಔಷಧವೂ ಬದಲಾಯಿತು. ೧೯೦೮ರಲ್ಲಿ ವೃದ್ಧಾಪ್ಯ ವೇತನದ ಕಾಯಿದೆಯೂ, ೧೯೧೧ರಲ್ಲಿ ರೋಗ ನಿರುದ್ಯೋಗಗಳ ವಿಮೆಯ ಕಾಯಿದೆಯೂ ಬಂದವು. ೧೯೪೮ರಲ್ಲಿ ಹಳೆಯ ಬಡವರ ಕಾಯಿದೆಯ ಪದ್ಧತಿಯು ಪೂರ್ತಿಯಾಗಿ ಅಳಿಯಿತು. ಆದರೆ ಸರ್ಕಾರಕ್ಕಿಂತ ಮುಂಚೆಯೇ ಎಚ್ಚತ್ತ ಸಜ್ಜನರಿದ್ದರೆಂಬುದನ್ನು ಮರೆಯಬಾರದು. ಹೆಂಗಸರಿಗೂ ಹರೆಯದವರಿಗೂ ಹತ್ತು ಗಂಟೆಗಳ ದುಡಿಮೆಯನ್ನು ನಿಯಮಿಸಿದ ೧೮೪೭ರ ಕಾಯಿದೆಯನ್ನು ಪಾರ್ಲಿಮೆಂಟಿನಲ್ಲಿ ಮುನ್ನಡೆಸಿದ ಜಾನ್ ಫೀಲ್ಡನ್ ಸ್ವತಃ ಗಿರಣಿಯ ಒಡೆಯನು. ರಾಚ್‌ಡೇಲ್ ಎಂಬಲ್ಲಿ ೨೮ ಮಂದಿ ನೇಕಾರರೂ ಇತರ ಕಸುಬಿನವರೂ ಸೇರಿ ೧೮೪೪ರ ಡಿಸೆಂಬರಿನಲ್ಲಿ ಸಹಕಾರಿ ಅಂಗಡಿಯೊಂದನ್ನು ತೆರೆದರು. ಕಲಬೆರಕೆಯಿಲ್ಲದ ಹಿಟ್ಟು ಬೆಣ್ಣೆಗಳನ್ನು ಸರಿಯಾದ ತೂಕದಲ್ಲಿ ಮಾರಿ, ಬಂದ ಲಾಭವನ್ನು ಕೊಂಡವರಿಗೇ ಹಂಚಿದರು. ಕನ್ನಡ ನಾಡಿನಲ್ಲಿಯೂ ಗದಗಿನ ಸಮೀಪದ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರಿಗಾಗಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿ, ಪರಸ್ಪರ ನೆರವಿನ ದಾರಿಯನ್ನು ತೋರಿದರು.

ಈ ಹಿನ್ನೆಲೆಯಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆಯನ್ನು ಮತ್ತೊಮ್ಮೆ ನೆನೆಯಬೇಕು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದು ಕಾಯಕದ ಫಲವಲ್ಲ, ಆಸೆಯ ಫಲವೆಂದು ಅರಿತ ಲಕ್ಕಮ್ಮನು ಮಿಕ್ಕುದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಎಚ್ಚರಿಸಿದಳು. ಈ ಕಥೆಯನ್ನು ಬಡವನಿಗೆ ಸಂತೃಪ್ತಿಯನ್ನು ಬೋಧಿಸಲು ಬಳಸುವುದುಂಟು. ಅದು ಸರಿಯಾದ ಅರ್ಥವಲ್ಲ. ಲಕ್ಕಮ್ಮನು ಮರಳಿಸಿದುದು ಮಿಕ್ಕ ಅಕ್ಕಿಯನ್ನೇ ಹೊರತು ಅಂದಿನ ಊಟದ ಅಕ್ಕಿಯನ್ನಲ್ಲ. ಅಂದಿನ ಕಾಯಕವು ಅಂದಿನ ಪ್ರಸಾದಕ್ಕೂ ದಾಸೋಹಕ್ಕೂ ಸಾಲುತ್ತಿದ್ದಿತು. ಆದುದರಿಂದಲೇ ಆ ಮಹಾತಾಯಿಗೆ ಅಧಿಕವನ್ನು ಒಲ್ಲೆನೆನ್ನುವ ಧೈರ್ಯವಿದ್ದಿತು. ಯಾರ್ಕಿನ ಕೂಲಿಕಾರನ ಬಳಿ ಮರಳಿಸುವುದಕ್ಕೆ ಏನಿದ್ದಿತು? ಲಕ್ಕಮ್ಮನ ಮಾತು ಮೊದಲು ತಟ್ಟಬೇಕಾದುದು ಕಣಜ ತುಂಬಿದವನ ಬಾಗಿಲನ್ನು. ಮತ್ತೊಬ್ಬನ ದುಡಿಮೆಯಿಂದ ತನ್ನ ಮನೆಗೆ ಬಂದು ಸೇರಿದ ಅಧಿಕವನ್ನು ಕಂಡು, ಇದು ಕಾಯಕದ್ದೋ ಆಸೆಯದ್ದೋ ಎಂದು ಕೇಳಿಕೊಳ್ಳುವವನೇ ಆ ಕಥೆಯನ್ನು ಅರಿತವನು.

ಗಿರಣಿಯ ಒಡೆಯರಿಗೆ ಮಾತ್ರ ಈ ಪ್ರಶ್ನೆಯು ಮೀಸಲೆಂದು ಗೃಹಸ್ಥನು ತಿಳಿಯಲಾಗದು. ಹೊಲದಲ್ಲಿ ಆಳು, ಅಂಗಡಿಯಲ್ಲಿ ಹುಡುಗ, ಮನೆಯಲ್ಲಿ ಮುಸುರೆ ತಿಕ್ಕುವ ತಾಯಿ ಇರುವ ಪ್ರತಿಯೊಬ್ಬ ಭಕ್ತನೂ ಅಷ್ಟರಮಟ್ಟಿಗೆ ಒಡೆಯನೇ. ಆ ಕೂಲಿಯಿಂದ ಅವರ ಸಂಸಾರವು ಉಂಡು ಉಡಬಲ್ಲುದೇ? ಹೊತ್ತಿಗೆ ಸರಿಯಾಗಿ ಅದು ಅವರ ಕೈಸೇರುತ್ತಿದೆಯೇ? ಅವರು ಜ್ವರದಲ್ಲಿ ಮಲಗಿದ ದಿನ ಒಲೆ ಹೊತ್ತುವುದೇ? ಅವರ ಮಕ್ಕಳು ಶಾಲೆಯಲ್ಲಿದ್ದಾರೆಯೇ, ದುಡಿಮೆಯಲ್ಲಿದ್ದಾರೆಯೇ? ಜಾತ್ರೆಯಲ್ಲಿ ನೂರು ಜನಕ್ಕೆ ಅನ್ನವಿಕ್ಕಿ, ಮನೆಯ ಆಳಿನ ಕೂಲಿಯಲ್ಲಿ ಕಡಿತ ಮಾಡುವವನ ದಾಸೋಹವು ದಾಸೋಹವೆನಿಸದು. ಆಳಿನ ತುತ್ತನ್ನೇ ಕಸಿದು ಜಂಗಮಕ್ಕೆ ನೀಡಿದಂತಾಗುವುದು.

ನ್ಯಾಯವಾದ ಕೂಲಿಯೇ ದಾಸೋಹದ ಮೊದಲ ಮೆಟ್ಟಿಲು. ಅದನ್ನು ಏರದೆ ಮೇಲಿನ ಮೆಟ್ಟಿಲಿಗೆ ಕಾಲಿಡಲು ಬಾರದು. ದುಡಿದವನು ಹಸಿಯದಿರುವ ಮನೆಯಲ್ಲಿ ಕಾಯಕವು ಪೂಜೆಯಾಗುತ್ತದೆ. ಅಂತಹ ಮನೆಯ ಅನ್ನವೇ ಪ್ರಸಾದವಾಗುತ್ತದೆ.