ಪೆಲೆಟ್ ಒಲೆಯ ಬೂದಿ

ಅಮೆರಿಕ, ಇಟಲಿ ಮೊದಲಾದ ದೇಶಗಳಲ್ಲಿ ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡಲು ಪೆಲೆಟ್ ಒಲೆಗಳನ್ನು ಬಳಸುವರು. ಮರದ ಹೊಟ್ಟನ್ನು ಒತ್ತಿ ಮಾಡಿದ, ಸುಮಾರು 6 ಮಿಲಿಮೀಟರ್ ವ್ಯಾಸದ ಗುಳಿಗೆಗಳೇ ಪೆಲೆಟ್‌ಗಳು. ಮೋಟರಿನಿಂದ ತಿರುಗುವ ತಿರುಪೊಂದು ಅವುಗಳನ್ನು ಸ್ವಲ್ಪಸ್ವಲ್ಪವಾಗಿ ಉರಿಬಟ್ಟಲಿಗೆ ನೂಕುವುದು. ಬಟ್ಟಲಿನ ರಂಧ್ರಗಳ ಮೂಲಕ ಗಾಳಿ ಒಳನುಗ್ಗುವುದು.

ಈ ಒಲೆಯನ್ನು ಎಷ್ಟು ದಿನಕ್ಕೊಮ್ಮೆ ಶುಚಿಮಾಡಬೇಕು? ದಿನಗಳನ್ನು ಬಿಟ್ಟು ಉರಿದ ಗುಳಿಗೆಯ ತೂಕವನ್ನು ನಾವು ಲೆಕ್ಕಹಾಕೋಣ. ಮೇಲ್ದರ್ಜೆಯ ಗುಳಿಗೆಯಲ್ಲಿ ಬೂದಿಯು ಶೇಕಡ 0.7ನ್ನು ಮೀರಕೂಡದು. ದಿನಕ್ಕೆ 20 ಕಿಲೋಗ್ರಾಂ ಉರಿಸಿದರೆ 140 ಗ್ರಾಂ ಬೂದಿ. ವಾರಕ್ಕೆ ಒಂದು ಕಿಲೋಗ್ರಾಮಿಗೆ ತುಸು ಕಡಮೆ. ಬೂದಿಯ ತಟ್ಟೆಯನ್ನು ವಾರಕ್ಕೊಮ್ಮೆ ಬರಿದುಮಾಡಿದರೆ ಸಾಕು. ಗುಳಿಗೆಯಲ್ಲಿ ಶೇಕಡ 2ರಷ್ಟು ಬೂದಿಯಿದ್ದರೆ, ಎರಡೂವರೆ ದಿನಕ್ಕೇ ಅಷ್ಟು ಕೂಡುವುದು.

ಉರಿಬಟ್ಟಲಿನ ಮಾತು ಬೇರೆ. ಅಲ್ಲಿಯ ಬೂದಿ ಕಾವಿಗೆ ಕರಗಿ, ಕಿಟ್ಟದಂತೆ ಗಟ್ಟಿಯಾಗಿ, ರಂಧ್ರಗಳನ್ನು ಮುಚ್ಚುವುದು. ಗಾಳಿ ಸಾಲದೆ ಜ್ವಾಲೆಯು ಕೆಂಪಾಗಿ ತೂಗಾಡುವುದು, ಬಾಗಿಲಿನ ಗಾಜು ಕಪ್ಪಾಗುವುದು. ಇಂಗಾಲವು ಪೂರ್ಣವಾಗಿ ದಹಿಸದೆ ಕಾರ್ಬನ್ ಮಾನಾಕ್ಸೈಡ್ ಹೆಚ್ಚುವುದು. ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲವು ಕೋಣೆಗೆ ಸೋರಿದರೆ ಮಲಗಿದವರು ಮತ್ತೆ ಏಳದಿರಬಹುದು. ಆದುದರಿಂದ ಒಲೆ ಉರಿಯುವ ಕಾಲದಲ್ಲಿ ಬಟ್ಟಲನ್ನು ದಿನವೂ ನೋಡಿ, ಒಲೆ ತಣಿದ ಮೇಲೆ ಕೆರೆಯಬೇಕು. ಕೋಣೆಗೆ ಶಾಖವನ್ನು ಕೊಡುವ ಕೊಳವೆಗಳ ಮೇಲಿನ ಬೂದಿಯನ್ನೂ ಆಗಾಗ ಒರಸಬೇಕು. ಬೂದಿಯು ಉಷ್ಣದ ದುರ್ವಾಹಕವಷ್ಟೆ. ಹೊಗೆಕೊಳವೆ, ಬೀಸಣಿಗೆಗಳನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಶುಚಿಮಾಡಿಸುವುದು ಲೇಸು.

ತೆಗೆದ ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಮನೆಯ ಹೊರಗಿಡಬೇಕು. ಬೂದಿಯೊಳಗಿನ ಕೆಂಡವು ಮರುದಿನವೂ ಆರದಿರಬಹುದು. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ, ಬೆಳಗ್ಗೆ ಅದರಿಂದಲೇ ಒಲೆ ಹೊತ್ತಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ತಿಳಿದ ಸಂಗತಿಯೇ.